ಮೀನಿನ ಸಾಲಿನ ಆಯಮ್ಮ

ಆ ಶಾಲೆಯಲ್ಲಿ ಬೆಳಗ್ಗೆ ಮೊದಲು ತೆರೆಯುತ್ತಿದ್ದದ್ದು ಗೇಟಲ್ಲ, ಆಯಮ್ಮನ ಏಪ್ರನ್ನಿನ ಜೇಬು. ಗೇಟಿನ ಬೀಗದ ಕೈ ಅದರೊಳಗೇ ಇರುತ್ತಿತ್ತು. ಆದರೆ ಅದು ಸಿಗಬೇಕಾದರೆ ಮೊದಲು ಹಲ್ಲು ಮುರಿದ ಬಾಚಣಿಗೆ, ಹತ್ತು ಹನ್ನೆರಡು ಸೇಫ್ಟಿ ಪಿನ್ನು, ಹತ್ತಿಯ ಉಂಡೆ, ಅರ್ಧ ಸೀಮೆಸುಣ್ಣ, ಯಾರದೋ ಉದುರಿದ ಹಾಲುಹಲ್ಲು, ವಾಂತಿ ಬರುವ ಮಕ್ಕಳಿಗೆಂದು ಇಟ್ಟುಕೊಂಡ ಪೆಪ್ಪರ್‌ಮಿಂಟು, ಇಷ್ಟೂ ಹೊರಗೆ ಬರಬೇಕಿತ್ತು. ಮಕ್ಕಳ ಕೈ ಹಿಡಿದು ಹೊರಗೆ ಕಾಯುವ ನಾವು ಅಪ್ಪ ಅಮ್ಮಂದಿರು ಈ ಪ್ರದರ್ಶನವನ್ನು ದಿನವೂ ನೋಡುತ್ತಿದ್ದೆವು.

“ಕೀನ ಬೇರೆ ಜೇಬಲ್ಲಿ ಇಟ್ಕೋಬಾರ್ದಾ ಆಯಮ್ಮ?” ಎಂದು ಹೊಸಬರು ಯಾರಾದರೂ ಕೇಳುತ್ತಿದ್ದರು.

“ಬೇರೆ ಜೇಬಲ್ಲಿಟ್ರೆ ಎಲ್ಲಿಟ್ಟೆ ಅಂತ ಹುಡುಕಬೇಕಾಗುತ್ತಪ್ಪ” ಎಂದು ಆಯಮ್ಮ ಹುಡುಕುತ್ತಲೇ ಉತ್ತರ ಕೊಡುತ್ತಿದ್ದರು.

ಸಿಸ್ಟರುಗಳು ನಡೆಸುವ ಚಿಕ್ಕ ಶಾಲೆ ಅದು. ಒಂದರಿಂದ ಐದರವರೆಗೆ ಕ್ಲಾಸು, ಪಕ್ಕದಲ್ಲೇ ಚರ್ಚು, ನಡುವೆ ಒಂದು ಆಟದ ಬಯಲು. ಶಾಲೆಯ ಚೆಂಡು ವರ್ಷಕ್ಕೆ ನಾಲ್ಕೈದು ಸಲವಾದರೂ ಚರ್ಚಿನ ಪಾಪನಿವೇದನೆಯ ಪೆಟ್ಟಿಗೆಯ ಕಡೆಗೆ ಹೋಗುತ್ತಿತ್ತು, ತರಲು ಹೋದವನು ಹೇಗೂ ಬಂದಿದ್ದೀನಲ್ಲ ಎಂದು ಒಳಗೆ ಕೂತ ಪಾದ್ರಿಗಳಿಗೆ ಒಂದೆರಡು ಪಾಪ ಹೇಳಿ ಬರುತ್ತಿದ್ದ. ಶುಕ್ರವಾರ ಹಳೆಯ ಪೇಪರು ಕೂಡಿಹಾಕುವ ಪೈಪೋಟಿ, ತಿಂಗಳಿಗೊಮ್ಮೆ ವೃದ್ಧಾಶ್ರಮಕ್ಕೆ ಹೋಗಿ ಅಜ್ಜ ಅಜ್ಜಿಯರಿಗೆ ಚಿತ್ರ ಬರೆದುಕೊಟ್ಟು ಅವರ ಬಿಸ್ಕತ್ತು ತಿಂದು ಬರುವ ಸೇವಾಕಾರ್ಯ, ಗೋಣಿಚೀಲದ ಓಟ, ನಾಟಕ, ಎಲ್ಲವೂ ನಡೆಯುತ್ತಿದ್ದವು. ಎಲ್ಲದರ ಹಿಂದೆಯೂ ಆಯಮ್ಮ ಇರುತ್ತಿದ್ದರು. ಜಡೆ ಬಿಚ್ಚಿದರೆ ಆಯಮ್ಮ, ಮೂಗಿನಲ್ಲಿ ರಕ್ತ ಬಂದರೆ ಆಯಮ್ಮ, ನಾಟಕದಲ್ಲಿ ದೇವದೂತನ ರೆಕ್ಕೆ ಕಳಚಿದರೂ ಆಯಮ್ಮನೇ. ಈ ಮೂವತ್ತೊಂದು ವರ್ಷದಲ್ಲಿ ಅವರಿಗೆ ಒಂದು ಹೆಸರಿತ್ತು ಎನ್ನುವುದು ಸಂಬಳದ ಪುಸ್ತಕಕ್ಕೆ ಮಾತ್ರ ನೆನಪಿತ್ತು.

ಆದರೆ ಆ ಶಾಲೆಯ ಹೆಮ್ಮೆ ಎಂದರೆ ಹಾಡಿನ ತಂಡ. ತಂಡದ ಹೆಮ್ಮೆ ಎಂದರೆ ಹಾಡಿನ ಮೇಷ್ಟ್ರು. ಮೇಷ್ಟ್ರ ಹೆಮ್ಮೆ ಎಂದರೆ ಅವರ ಕಿವಿ. ಶ್ರುತಿ ಹಿಡಿಯಲು ಎರಡು ಕಾಲಿನ ಒಂದು ಉಕ್ಕಿನ ಕಡ್ಡಿಯನ್ನು, ಡಾಕ್ಟರು ಥರ್ಮಾಮೀಟರ್ ಇಟ್ಟುಕೊಂಡಂತೆ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. ಅದನ್ನು ಮೊಣಕಾಲಿಗೆ ಬಡಿದು ಕಿವಿಯ ಹತ್ತಿರ ಹಿಡಿದು ಕಣ್ಣು ಮುಚ್ಚಿದರೆ ಸುತ್ತಲಿನವರು ಉಸಿರು ಬಿಗಿಹಿಡಿಯಬೇಕು. ತಮ್ಮ ಮದುವೆಯ ದಿನ “ಒಪ್ಪಿದ್ದೇನೆ” ಎಂದು ಹೇಳುವ ಮೊದಲೂ ಅದನ್ನು ಬಡಿದು ನೋಡಿಕೊಂಡರು ಎಂದು ಅವರ ಹೆಂಡತಿಯೇ ಎಲ್ಲರಿಗೂ ಹೇಳುತ್ತಿದ್ದರು.

ಮೂರನೇ ಕ್ಲಾಸಿಗೆ ಬಂದ ಮಕ್ಕಳಿಗೆಲ್ಲ ಮೊದಲ ವಾರವೇ ಅವರ ಪರೀಕ್ಷೆ. ಕಾಲಲ್ಲಿ ತುಳಿದು ಗಾಳಿ ತುಂಬುವ ಹಳೆಯ ಆರ್ಗನ್ನಿನ ಪಕ್ಕ ಮಗು ನಿಂತು ಮೂರು ಸ್ವರ ಹಾಡಬೇಕು. ಮೇಷ್ಟ್ರು “ಮುಂದೆ” ಎಂದರೆ ಮುಂದಿನ ಸಾಲು, “ಹಿಂದೆ” ಎಂದರೆ ಹಿಂದಿನ ಸಾಲು. ಹಿಂದಿನ ಸಾಲಿನವರ ಕೆಲಸ ಬಾಯಿ ತೆರೆಯುವುದು, ಮುಚ್ಚುವುದು. ಸ್ವರ ಹೊರಡಿಸುವಂತಿಲ್ಲ. ಮಕ್ಕಳು ಅದಕ್ಕೆ ಮೀನಿನ ಸಾಲು ಎಂದು ಹೆಸರಿಟ್ಟಿದ್ದರು. ಯಾವ ಮಗುವನ್ನೂ ತಂಡದಿಂದ ಹೊರಗಿಡಬಾರದು ಎಂದು ಸಿಸ್ಟರುಗಳ ಕಟ್ಟಪ್ಪಣೆ, ಯಾವ ಅಪಸ್ವರವನ್ನೂ ತಂಡದೊಳಗೆ ಬಿಡಬಾರದು ಎಂದು ಮೇಷ್ಟ್ರ ಕಿವಿಯ ಕಟ್ಟಪ್ಪಣೆ. ಎರಡೂ ಕೂಡಿ ಹುಟ್ಟಿದ ಏರ್ಪಾಟು ಇದು.

ಮೀನುಗಳ ಅಪ್ಪ ಅಮ್ಮಂದಿರಿಗೆ ಇದು ಗೊತ್ತಿರಲಿಲ್ಲ. ಮಕ್ಕಳು ಮನೆಯಲ್ಲಿ ಹೇಳುತ್ತಿರಲಿಲ್ಲ, ಹೇಳಿದರೂ ನಾವು ನಂಬುತ್ತಿರಲಿಲ್ಲ. ಹಾಡುವುದನ್ನು ಕಣ್ಣಾರೆ ಕಂಡಿದ್ದೆವಲ್ಲ! ನನ್ನ ಮಗ ಎರಡು ವರ್ಷ ಆ ಸಾಲಿನಲ್ಲಿ ನಿಂತಿದ್ದ. “ಎಷ್ಟು ಜನ ಹಾಡಿದ್ರೂ ನಮ್ಮವನ ಗಂಟಲು ಬೇರೆಯಾಗಿ ಗೊತ್ತಾಗುತ್ತೆ” ಎಂದು ನಾನು ಆಫೀಸಿನಲ್ಲಿ ಹೇಳಿಕೊಂಡು ತಿರುಗಿದ್ದೇನೆ.

ಈ ಮೋಸ ಇಷ್ಟು ಚೆನ್ನಾಗಿ ನಡೆಯುತ್ತಿದ್ದದ್ದು ಆಯಮ್ಮನಿಂದ. ಮುಂದಿನ ಸಾಲು ಮೇಷ್ಟ್ರದು, ಹಿಂದಿನ ಸಾಲು ಆಯಮ್ಮನದು ಎಂದು ಯಾವತ್ತೋ ಪಾಲಾಗಿತ್ತು. ಮಂಗಳವಾರ, ಗುರುವಾರ ಮಧ್ಯಾಹ್ನ ಆಯಮ್ಮ ಮೀನುಗಳನ್ನು ಕೈತೊಳೆಯುವ ನಲ್ಲಿಗಳ ಪಕ್ಕ ಸಾಲಾಗಿ ನಿಲ್ಲಿಸಿ ಪಾಠ ಮಾಡುತ್ತಿದ್ದರು.

“‘ಆ’ ಬಂದಾಗ ಎರಡು ಬೆರಳು ಹಿಡಿಯೋಷ್ಟು ಬಾಯಿ. ‘ಓ’ ಬಂದಾಗ ಕೋಟಿನ ಗುಂಡಿಯಷ್ಟು. ‘ಈ’ ಅಂದ್ರೆ ಹಲ್ಲು ಕಾಣ್ಬೇಕು. ಏ ಮರಿ, ಹಲ್ಲು ಬಿದ್ದಿರೋನು ನೀನು, ಸ್ವಲ್ಪ ಕಮ್ಮಿ ತೋರ್ಸು. ಸ್ವರ ಮೇಲೆ ಹೋದಾಗ ಹುಬ್ಬು ಮೇಲೆ. ಉಸಿರು ತಗೊಂಡಿದ್ದು ಭುಜದಲ್ಲಿ ಗೊತ್ತಾಗ್ಬೇಕು. ಸದ್ದು ಮಾತ್ರ ಇಲ್ಲೇ” ಎಂದು ಗಂಟಲಿನ ಮೇಲೆ ಬೆರಳಿಡುತ್ತಿದ್ದರು.

ಪರಿಣಾಮ ಏನಾಗಿತ್ತೆಂದರೆ, ಮುಂದಿನ ಸಾಲಿನ ನಿಜವಾದ ಹಾಡುಗಾರರು ಮೇಷ್ಟ್ರ ಕೈಯನ್ನು ಹೆದರಿ ನೋಡುತ್ತ ಗುಬ್ಬಚ್ಚಿಗಳಂತೆ ಮುದುಡಿಕೊಂಡು ಹಾಡುತ್ತಿದ್ದರು. ಹಿಂದಿನ ಸಾಲಿನ ಮೀನುಗಳು ಆಕಾಶ ನೋಡುತ್ತ, ಹುಬ್ಬೇರಿಸಿ, ಎದೆಯುಬ್ಬಿಸಿ, ಕಂಡವರ ಕಣ್ಣಲ್ಲಿ ನೀರು ಬರಿಸುತ್ತಿದ್ದವು.

ಆಯಮ್ಮನಿಗೆ ಈ ವಿದ್ಯೆ ಬಂದದ್ದು ಸ್ವಂತ ಅನುಭವದಿಂದ. ಅವರೂ ಎಂಟು ವರ್ಷದವರಿದ್ದಾಗ ಅದೇ ಶಾಲೆಯ ಅದೇ ಆರ್ಗನ್ನಿನ ಪಕ್ಕ ನಿಂತಿದ್ದರು. ಆಗ ಆರ್ಗನ್ ನುಡಿಸುತ್ತಿದ್ದ ವಯಸ್ಸಾದ ಸಿಸ್ಟರ್ ಮೂರು ಸ್ವರ ಕೇಳಿ, ತಲೆಯ ಮೇಲೆ ಕೈಯಿಟ್ಟು, ತುಂಬ ಪ್ರೀತಿಯಿಂದ ಹೇಳಿದ್ದರು: “ನೀನು ಬಾಯಿ ತೆರೆದ್ರೆ ಸಾಕು ಮಗು. ಸ್ವರಾನ ದೇವರೇ ಹಾಕ್ಕೊತಾನೆ.” ಆಯಮ್ಮ ಅದನ್ನು ದೇವರಿಗೂ ತಮಗೂ ಆದ ಒಪ್ಪಂದ ಎಂದೇ ತಿಳಿದು ನಲವತ್ತೈದು ವರ್ಷ ಪಾಲಿಸಿದ್ದರು. ಚರ್ಚಿನಲ್ಲಿ ಬಾಯಿ ಮಾತ್ರ. ಹುಟ್ಟುಹಬ್ಬದ ಹಾಡಿಗೂ ಬಾಯಿ ಮಾತ್ರ. ಒಬ್ಬಳೇ ಮಗಳು ಹುಟ್ಟಿದಾಗಲೂ ಜೋಗುಳ ಹಾಡಲಿಲ್ಲ, ಬೆನ್ನು ತಟ್ಟಿ ಮಲಗಿಸಿದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಗಾದೆಯೇ ಇದೆಯಲ್ಲ, ಇದರಲ್ಲಿ ದುಃಖ ಪಡುವುದೇನಿದೆ ಎನ್ನುವುದು ಅವರ ಲೆಕ್ಕ.

ಆ ಲೆಕ್ಕ ತಪ್ಪಿದ್ದು ಮೊಮ್ಮಗಳಿಂದ.

ಆಯಮ್ಮನ ಮಗಳು, ಅಳಿಯ ಇಬ್ಬರೂ ಬೇಕರಿಯಲ್ಲಿ ದುಡಿಯುತ್ತಿದ್ದರು. ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೋಗಬೇಕಾದ್ದರಿಂದ ಮಗು ಬೆಳೆದದ್ದು ಅಜ್ಜಿಯ ಮನೆಯಲ್ಲಿ. ಯಾವಾಗ ನೋಡಿದರೂ ಏನೋ ಒಂದನ್ನು ಗುನುಗುತ್ತಲೇ ಇರುತ್ತಿದ್ದಳು. ಆಯಮ್ಮನ ಗಂಡ, ಊರಿಗೆಲ್ಲ ಕಿಟಕಿ ಬಾಗಿಲು ಮಾಡಿಕೊಡುವ ಬಡಗಿ, ಅವಳಿಗೆ ದುಂಬಿ ಎಂದು ಹೆಸರಿಟ್ಟಿದ್ದ. ದುಂಬಿ ಹಲ್ಲುಜ್ಜುವಾಗ ಹಾಡುವಳು, ಬ್ರೆಡ್ಡಿಗೆ ಬೆಣ್ಣೆ ಸವರುವಾಗ ಹಾಡುವಳು, ಅಜ್ಜನ ಉಳಿಯ ಸದ್ದಿಗೆ ತಾಳ ಹಾಕಿ ಹಾಡುವಳು. ರಾಗ ಅವಳದೇ. ಯಾವ ಹಾಡನ್ನು ಕೊಟ್ಟರೂ ಅದನ್ನು ಆ ಒಂದೇ ರಾಗಕ್ಕೆ ಬಗ್ಗಿಸುತ್ತಿದ್ದಳು.

ಮೂರನೇ ಕ್ಲಾಸಿಗೆ ಬಂದಳು. ಆರ್ಗನ್ನಿನ ಪಕ್ಕ ನಿಂತಳು. ಮೇಷ್ಟ್ರು ಎರಡೇ ಸ್ವರಕ್ಕೆ ಕೈಯೆತ್ತಿ “ಹಿಂದೆ” ಎಂದರು.

ಶಾಲೆಯಲ್ಲಿ ಅಜ್ಜಿ ಎನ್ನಬಾರದು, ಆಯಮ್ಮ ಎನ್ನಬೇಕು ಎಂದು ಅವಳಿಗೆ ಹೇಳಿಕೊಟ್ಟಿತ್ತು. ನಲ್ಲಿಗಳ ಪಕ್ಕ ನಿಂತು ಆಯಮ್ಮನಿಂದಲೇ ಪಾಠ ಕಲಿತಳು. ಹುಬ್ಬೇರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಎರಡು ತಿಂಗಳಲ್ಲಿ ಸಾಲಿಗೇ ಒಳ್ಳೆಯ ಮೀನು ಎನಿಸಿಕೊಂಡಳು. ಆಯಮ್ಮನಿಗೆ ಒಳಗೊಳಗೇ ಹೆಮ್ಮೆಯೂ ಆಯಿತು. ಆಮೇಲೊಂದು ದಿನ ಸಂಜೆ ಬಡಗಿ ಮೇಜಿನ ಕಾಲಿಗೆ ಉಪ್ಪುಕಾಗದ ತಿಕ್ಕುತ್ತಿದ್ದವನು ಕೈ ನಿಲ್ಲಿಸಿದ.

“ಏ ಇವಳೇ, ಮನೇಲಿ ರೇಡಿಯೋ ಕೆಟ್ಟೋಯ್ತಾ?”

“ನಮ್ಮನೇಲಿ ರೇಡಿಯೋ ಎಲ್ಲಿದೆ? ಮಾರಿ ಎಷ್ಟು ವರ್ಷ ಆಯ್ತು.”

“ಅದಲ್ಲ ಕಣೇ. ಆ ರೇಡಿಯೋ” ಎಂದು ಒಳಗೆ ತೋರಿಸಿದ.

ಅಡುಗೆಮನೆಯಲ್ಲಿ ದುಂಬಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಯಾವತ್ತಿನಿಂದ ಹೀಗೆ ಎಂದು ಆಯಮ್ಮ ಯೋಚಿಸಿದರು. ಒಂದು ವಾರ? ಒಂದು ತಿಂಗಳು? ಹೊತ್ತು ಹೊತ್ತಿಗೆ ಕೇಳುತ್ತಿದ್ದ ಸದ್ದು ಯಾವಾಗ ನಿಂತಿತೆಂದು ಅಡುಗೆಮನೆಯಲ್ಲೇ ನಿಂತಿದ್ದ ತಮಗೆ ಗೊತ್ತಾಗಿರಲಿಲ್ಲ.

“ಏನಾದ್ರೂ ಹಾಡೇ ಮರಿ” ಎಂದರು.

“ನಾನು ಮೀನು ಅಜ್ಜಿ. ಮೀನು ಹಾಡಲ್ಲ” ಎಂದಳು ದುಂಬಿ. ಅಳಲಿಲ್ಲ, ಮುನಿಯಲೂ ಇಲ್ಲ. ಬೆಕ್ಕು ಈಜಲ್ಲ ಎಂದು ಹೇಳುವಷ್ಟೇ ಸಹಜವಾಗಿ ಹೇಳಿ ಬ್ರೆಡ್ಡು ಕಚ್ಚಿದಳು. ಅತ್ತಿದ್ದರೆ ಆಯಮ್ಮನ ಜೇಬಿನಲ್ಲಿ ಅದಕ್ಕೂ ಏನಾದರೂ ಔಷಧ ಇರುತ್ತಿತ್ತು.

ಮಾರನೆಯ ದಿನ ಆಯಮ್ಮ ಆರ್ಗನ್ನಿನ ಮೇಲಿನ ದೂಳು ಒರೆಸುವ ನೆಪದಲ್ಲಿ ಮೇಷ್ಟ್ರ ಹತ್ತಿರ ಹೋದರು. ಆಗಲೇ ಎರಡು ಸಲ ಒರೆಸಿಯಾಗಿತ್ತು.

“ಮೇಷ್ಟ್ರೇ, ನಮ್ಮ ಹುಡುಗಿ ವಿಷಯ ಒಂದು ಮಾತು.”

“ಯಾವ ಹುಡುಗಿ?”

“ಹಿಂದಿನ ಸಾಲು, ಬಲಗಡೆ ಕೊನೇದು.”

“ಓಹೋ ಅವಳಾ! ಏನು ಚೆನ್ನಾಗಿ ಬಾಯಿ ತೆಗೀತಾಳ್ರೀ! ನಿಮ್ಮ ಮೊಮ್ಮಗಳಾ? ಹಾಗನ್ನಿ ಮತ್ತೆ. ರಕ್ತದಲ್ಲೇ ಬಂದಿದೆ.”

“ಈಗ ಮನೇಲೂ ಹಾಡೋದು ಬಿಟ್ಟುಬಿಟ್ಟಿದಾಳೆ ಮೇಷ್ಟ್ರೇ.”

“ಒಳ್ಳೇದೇ ಆಯ್ತಲ್ಲ. ತಪ್ಪು ಸ್ವರ ರೂಢಿಯಾದ್ರೆ ಆಮೇಲೆ ಬಿಡ್ಸೋದು ಕಷ್ಟ.”

“ಇನ್ನೊಂದೇ ಒಂದು ಸಲ ಕೇಳಿ ನೋಡ್ತೀರಾ?”

ಮೇಷ್ಟ್ರು ಕೋಪ ಮಾಡಿಕೊಳ್ಳುವವರಲ್ಲ. ನೊಂದುಕೊಳ್ಳುವವರು. “ಆಯಮ್ಮ, ಇಪ್ಪತ್ನಾಲ್ಕು ವರ್ಷ ಆಯ್ತು. ಈ ಕಿವಿಗೆ ಎರಡನೇ ಸಲ ಕೇಳೋ ಪ್ರಸಂಗ ಬಂದಿಲ್ಲ” ಎಂದು ನೊಂದುಕೊಂಡರು. ಆಯಮ್ಮ ಮೂರನೇ ಸಲ ದೂಳು ಒರೆಸಿ ಬಂದರು.

ಆ ವರ್ಷ ಶಾಲೆಗೆ ಎಪ್ಪತ್ತೈದು ತುಂಬುತ್ತಿತ್ತು. ಬಿಷಪ್ಪರು ಬರುವವರಿದ್ದರು. ಪೋಷಕರ ಸಂಘದ ಅಧ್ಯಕ್ಷರು ಮೂರು ತಿಂಗಳ ಮುಂಚೆಯೇ ಹೊಸ ಕೋಟು ಹೊಲಿಸಿಕೊಂಡರು. ಸ್ನಾನದ ಮನೆಯ ಟೈಲ್ಸ್ ಮಾರುವ ದೊಡ್ಡ ಅಂಗಡಿ ಅವರದು. ಶಾಲೆಗೆ ಏನೇ ಆದರೂ “ನನ್ನ ಅವಧಿಯಲ್ಲಿ” ಎಂದು ಶುರು ಮಾಡುತ್ತಿದ್ದರು. ಅವರ ಅವಧಿಯಲ್ಲಿ ಎರಡು ಸಲ ಮಳೆಯೂ ಚೆನ್ನಾಗಿ ಆಗಿತ್ತು. ನಾನು ಅದೇ ಸಂಘದ ಜಂಟಿ ಕಾರ್ಯದರ್ಶಿ, ಎಂದರೆ ಕುರ್ಚಿ ಎತ್ತಿಡುವವನು.

ಅಧ್ಯಕ್ಷರು ಮೊದಲು ಮಾಡಿದ ಕೆಲಸ ಬಡಗಿಯನ್ನು ಕರೆಸಿದ್ದು. “ಹಿಂದಿನ ಬೆಂಚು ಎತ್ತರ ಮಾಡಪ್ಪ. ಫೋಟೋದಲ್ಲಿ ಒಂದು ಮಗೂನೂ ತಪ್ಪಿಹೋಗಬಾರದು.” ಬಡಗಿ ಬೆಂಚಿಗೆ ಅರ್ಧ ಅಡಿ ಕಾಲು ಜೋಡಿಸಿಕೊಟ್ಟ. ಮೀನುಗಳೆಲ್ಲ ನೀರಿನಿಂದ ಅರ್ಧ ಅಡಿ ಮೇಲೆ ಬಂದವು.

ಎರಡನೆಯ ಕೆಲಸ ಪತ್ರ ಓದಿದ್ದು. ಬಿಷಪ್ಪರ ಆಫೀಸಿನಿಂದ ಒಂದು ಪತ್ರ ಬಂದಿತ್ತು. ಸ್ವಾಮಿಗಳಿಗೆ ವಯಸ್ಸಾಗಿದೆ, ಎಡಗಿವಿ ಕೇಳಿಸುವುದಿಲ್ಲ, ಆದ್ದರಿಂದ ಮುಖ್ಯವಾದದ್ದೆಲ್ಲ ಅವರ ಬಲಗಡೆ ಇರಲಿ ಎಂದಿತ್ತು. ಅಧ್ಯಕ್ಷರು ಎರಡು ಸಲ ಓದಿ, ಕೋಟಿನ ಗುಂಡಿ ಹಾಕಿಕೊಂಡು, “ಸರಿ. ನನ್ನ ಕುರ್ಚಿ ಬಲಗಡೆ ಹಾಕಿ” ಎಂದರು. ಹಾಕಿದೆ. ಹಾಡಿನ ತಂಡ ಎಡಕ್ಕೆ ಹೋಯಿತು.

ಆ ದಿನ ಬೆಳಗ್ಗೆ ಹತ್ತಕ್ಕೆ ಸಭಾಂಗಣ ತುಂಬಿಹೋಯಿತು. ಆಯಮ್ಮ ಒಬ್ಬೊಬ್ಬರ ಕಾಲರು ಸರಿಮಾಡಿ, ಮೂಗು ಒರೆಸಿ, ಸಾಲು ಹತ್ತಿಸಿ, ವೇದಿಕೆಯ ಪಕ್ಕದ ಬಾಗಿಲಲ್ಲಿ ನೀರಿನ ಬಾಟಲಿ ಹಿಡಿದು ನಿಂತರು. ಅದು ಅವರು ಯಾವಾಗಲೂ ನಿಲ್ಲುವ ಜಾಗ. ಯಾವುದಾದರೂ ಮೀನು ಪದ ಮರೆತರೆ ಅಲ್ಲಿಂದಲೇ ಬಾಯಿಯ ಆಕಾರ ತೋರಿಸುತ್ತಿದ್ದರು, ಮಗು ಅದನ್ನು ನೋಡಿ ಬಾಯಿ ತಿದ್ದಿಕೊಳ್ಳುತ್ತಿತ್ತು. ಬಡಗಿ ತಾನು ಎತ್ತರಿಸಿದ ಬೆಂಚು ಅಲ್ಲಾಡುತ್ತದೋ ನೋಡಲು ಬಂದು ನನ್ನ ಪಕ್ಕದಲ್ಲಿ ಕೂತಿದ್ದ.

ಮೇಷ್ಟ್ರು ಕಡ್ಡಿಯನ್ನು ಮೊಣಕಾಲಿಗೆ ಬಡಿದರು. ಹಾಡು ಶುರುವಾಯಿತು.

“ಬೆಳಗಿನ ಬಾಗಿಲು ತೆರೆದವನೇ, ನಮ್ಮ ಪುಟ್ಟ ಕೈಯನು ಹಿಡಿದವನೇ…”

ಹಾಡು ಚೆನ್ನಾಗಿಯೇ ಇತ್ತು. ಬಿಷಪ್ಪರಿಗೆ ಅದರಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ಕೇಳದ ಕಿವಿ ಹಾಡಿನ ಕಡೆಗಿತ್ತು, ಕೇಳುವ ಕಿವಿ ಅಧ್ಯಕ್ಷರ ಕಡೆಗಿತ್ತು. ಅಧ್ಯಕ್ಷರು ಅದರೊಳಗೆ, ತಮ್ಮ ಅವಧಿಯಲ್ಲಿ ಶೌಚಾಲಯಕ್ಕೆ ಹಾಕಿಸಿಕೊಟ್ಟ ಜಾರದ ಟೈಲ್ಸಿನ ವಿವರವನ್ನು ಹಾಡು ಮುಗಿಯುವವರೆಗೆ ಸುರಿದರು. ಪಾಪ, ವೃದ್ಧರಿಗೆ ಉಳಿದದ್ದು ಕಣ್ಣು. ಕಣ್ಣಿಗೆ ಕಂಡದ್ದು ಎತ್ತರದ ಬೆಂಚಿನ ಬಲತುದಿಯಲ್ಲಿ ನಿಂತ ಒಂದು ಚಿಕ್ಕ ಹುಡುಗಿ. ಹುಬ್ಬು ಹಣೆಯ ಮೇಲಕ್ಕೆ ಏರಿದೆ, ಕಣ್ಣು ಸೂರಿನಲ್ಲಿದೆ, ಬಾಯಿ ಎರಡು ಬೆರಳು ಹಿಡಿಯುವಷ್ಟು ತೆರೆದಿದೆ, ಪ್ರತಿ ಉಸಿರಿಗೂ ಭುಜ ಏಳುತ್ತಿದೆ.

ಚಪ್ಪಾಳೆ ಮುಗಿದ ಮೇಲೆ ಬಿಷಪ್ಪರು ಎದ್ದು ಮೈಕಿನ ಹತ್ತಿರ ಬಂದರು.

“ಎಷ್ಟೋ ಶಾಲೆಗೆ ಹೋಗಿದ್ದೇನೆ. ಇಷ್ಟು ಭಕ್ತಿಯಿಂದ ಹಾಡೋ ಮಗೂನ ನಾನು ನೋಡೇ ಇರಲಿಲ್ಲ” ಎಂದರು. ಅದು ಅಕ್ಷರಶಃ ನಿಜ. “ಹಿಂದಿನ ಸಾಲಿನ ಆ ಕೊನೇ ಮಗು ಒಂದು ಚರಣ ಒಬ್ಬಳೇ ಹಾಡಲಿ.”

ಮುಂದಿನ ಸಾಲಿನ ನಡುವೆ ನಿಂತಿದ್ದ ಅಧ್ಯಕ್ಷರ ಮಗಳು ಒಂದು ಹೆಜ್ಜೆ ಮುಂದೆ ಬಂದಳು. “ನೀನಲ್ಲಮ್ಮ. ಹಿಂದೆ” ಎಂದರು ಬಿಷಪ್ಪರು. ಆ ಶಾಲೆಯಲ್ಲಿ “ಹಿಂದೆ” ಎನ್ನುವ ಪದವನ್ನು ಆ ಅರ್ಥದಲ್ಲಿ ಯಾರೂ ಅಂದಿನವರೆಗೆ ಬಳಸಿರಲಿಲ್ಲ.

ಮೇಷ್ಟ್ರ ಮುಖ ಸೀಮೆಸುಣ್ಣದಂತಾಯಿತು. ಆ ಮಗು ಹಾಡುವುದಿಲ್ಲ ಎಂದರೆ, ಮತ್ತೆ ಇಷ್ಟು ಹೊತ್ತು ಮಾಡಿದ್ದೇನು ಎಂದು ಕೇಳುತ್ತಾರೆ. ಹಾಡುತ್ತಾಳೆ ಎಂದರೆ ಹಾಡುತ್ತಾಳೆ. ಎರಡರಲ್ಲಿ ಯಾವುದು ಕಡಿಮೆ ನೋವು ಎಂದು ತಿಳಿಯದೆ ಆರ್ಗನ್ನಿನ ಮೇಲೆ ಕೈಯಿಟ್ಟು ಮೊದಲ ಸ್ವರ ಕೊಟ್ಟರು.

ದುಂಬಿ ಪಕ್ಕದ ಬಾಗಿಲ ಕಡೆ ನೋಡಿದಳು. ಮಗು ನೋಡಿದಾಗ ಬಾಯಿಯ ಆಕಾರ ತೋರಿಸುವುದು ಆಯಮ್ಮನಿಗೆ ಮೂವತ್ತೊಂದು ವರ್ಷದ ಅಭ್ಯಾಸ. ತೋರಿಸಿದರು. ದುಂಬಿ ಅದನ್ನು ನೋಡಿ ಬಾಯಿ ತೆರೆದಳು. ಹುಬ್ಬೇರಿಸಿದಳು. ಭುಜ ಎತ್ತಿದಳು. ಒಂದು ಸಾಲು ಪೂರ್ತಿ ಹಾಡಿದಳು. ಸದ್ದು ಮಾತ್ರ ಇಲ್ಲ.

ಸಭಾಂಗಣದಲ್ಲಿ ಮುನ್ನೂರು ಜನ. ಫ್ಯಾನಿನ ಸದ್ದು ಕೇಳುತ್ತಿತ್ತು.

ಬಿಷಪ್ಪರು ತಮ್ಮ ಕಿವಿಯದೇ ತಪ್ಪೆಂದುಕೊಂಡರು. ಮೈ ತಿರುಗಿಸಿ ಬಲಗಿವಿಯನ್ನು ಮಗುವಿನ ಕಡೆಗೆ ಒಡ್ಡಿ, ಕಿವಿಯ ಹಿಂದೆ ಅಂಗೈ ಇಟ್ಟು, “ಕೇಳಿಸ್ತಿಲ್ಲ ಮಗು. ಇನ್ನೂ ಸ್ವಲ್ಪ ಗಟ್ಟಿಯಾಗಿ” ಎಂದರು.

ಗಟ್ಟಿಯಾಗಿ! ಮೀನಿನ ಸಾಲಿಗೆ ಯಾರೂ ಯಾವತ್ತೂ ಹೇಳದಿದ್ದ ಮಾತು. ದುಂಬಿ ವಿಧೇಯ ಹುಡುಗಿ. ಬಾಯಿಯನ್ನು ಮೂರು ಬೆರಳು ಹಿಡಿಯುವಷ್ಟು ತೆರೆದಳು. ಹುಬ್ಬು ಕೂದಲಿಗೆ ತಾಗಿತು. ಕತ್ತಿನ ನರ ಉಬ್ಬಿತು. ಈಗಲೂ ಸದ್ದಿಲ್ಲ. ಅವಳು ಹಟ ಮಾಡುತ್ತಿರಲಿಲ್ಲ, ಹೆದರಿಯೂ ಇರಲಿಲ್ಲ. ಅಜ್ಜಿ ಕಲಿಸಿದ್ದನ್ನು ಅಜ್ಜಿ ಕಲಿಸಿದಂತೆಯೇ, ಒಂದು ಚೂರೂ ತಪ್ಪಿಲ್ಲದೆ ಮಾಡುತ್ತಿದ್ದಳು.

ಆಯಮ್ಮ ಅದನ್ನು ನೋಡಿದರು. ತಮ್ಮ ಪಾಠವನ್ನು ಅಷ್ಟು ಸ್ಪಷ್ಟವಾಗಿ ಅವರು ಅದುವರೆಗೆ ನೋಡಿರಲಿಲ್ಲ. ಮುಂದಿನ ಸಾಲಿನ ಹಾಡು ಯಾವಾಗಲೂ ಅದನ್ನು ಮುಚ್ಚಿಕೊಂಡಿರುತ್ತಿತ್ತು.

“ಗಟ್ಟಿಯಾಗಿ ಮಗು” ಎಂದರು ಬಿಷಪ್ಪರು ಎರಡನೇ ಸಲ.

ದುಂಬಿ ಮತ್ತೆ ಬಾಗಿಲ ಕಡೆ ನೋಡಿದಳು. ಆಯಮ್ಮ ನೀರಿನ ಬಾಟಲಿಯನ್ನು ನೆಲದ ಮೇಲಿಟ್ಟರು. ಬಾಯಿ ತೆರೆದರು. ಈ ಸಲ ಅದರ ಹಿಂದೆ ಏನೋ ಹೊರಟುಬಂತು. ಅದನ್ನು ಸ್ವರ ಎನ್ನುವುದು ಕಷ್ಟ. ವರ್ಷಗಟ್ಟಲೆ ಎಣ್ಣೆ ಕಾಣದ ಹಿತ್ತಲ ಬಾಗಿಲನ್ನು ಯಾರೋ ತಳ್ಳಿದಂತಿತ್ತು. “ಬೆಳಗಿನ ಬಾಗಿಲು…” ಎನ್ನುವಷ್ಟರಲ್ಲಿ ಎರಡು ಸಲ ಕೀರಲಾಗಿ, ಒಂದು ಸಲ ಪೂರ್ತಿ ನಿಂತು, ಮತ್ತೆ ಮುಂದುವರಿಯಿತು. ಮುನ್ನೂರು ತಲೆ ಪಕ್ಕದ ಬಾಗಿಲಿಗೆ ತಿರುಗಿದವು.

ಬಡಗಿ ನನ್ನ ಮೊಣಕೈ ತಿವಿದ. “ಯಾರ್ರೀ ಅದು ಹಾಡ್ತಿರೋದು?”

“ನಿಮ್ಮ ಮನೆಯವರು.”

“ಸುಮ್ನಿರ್ರಿ” ಎಂದ ಅವನು. ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದವನು ಕತ್ತು ಉದ್ದ ಮಾಡಿ ನೋಡಿ, ನಿಧಾನವಾಗಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ದುಂಬಿಯ ಹುಬ್ಬು ಮೊದಲು ಕೆಳಗೆ ಬಂತು. ಅಜ್ಜಿಯ ಬಾಯನ್ನು ನೋಡಿದಳು, ಅಜ್ಜಿಯ ಗಂಟಲನ್ನು ನೋಡಿದಳು. ಅಲ್ಲಿ ಬೆರಳು ಇರಲಿಲ್ಲ. “ನಮ್ಮ ಪುಟ್ಟ ಕೈಯನು” ಎನ್ನುವ ಹೊತ್ತಿಗೆ ಅವಳೂ ಹೊರಟಳು. ಅದೇ ಹಳೆಯ ಒಂದೇ ರಾಗ, ಬ್ರೆಡ್ಡಿಗೆ ಬೆಣ್ಣೆ ಸವರುವ ರಾಗ. ಆರ್ಗನ್ನು ಒಂದು ಕಡೆ, ಅಜ್ಜಿ ಒಂದು ಕಡೆ, ಮೊಮ್ಮಗಳು ಇನ್ನೊಂದು ಕಡೆ. ಹಾಡಿನ ಎರಡನೇ ಸಾಲು ಬರುವಷ್ಟರಲ್ಲಿ ಉಳಿದ ಮೀನುಗಳಿಗೂ ತಡೆಯಲಾಗಲಿಲ್ಲ. ಹನ್ನೊಂದು ಮಕ್ಕಳು, ಹನ್ನೊಂದು ದಾರಿ. ನನ್ನ ಮಗ ಒಂಬತ್ತನೆಯವನು. ಅವನ ಗಂಟಲು ಬೇರೆಯಾಗಿ ಗೊತ್ತಾಗುತ್ತದೆ ಎಂದು ನಾನು ಹೇಳುತ್ತಿದ್ದದ್ದು ಸುಳ್ಳಲ್ಲ ಎಂದು ಆವತ್ತು ಸಾಬೀತಾಯಿತು.

ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೊನೆಯವರೆಗೆ ನುಡಿಸಿದರು. ಅದು ಅವರ ದೊಡ್ಡತನ.

ಹಾಡು ಮುಗಿಯಿತು, ಎಂದರೆ ಒಬ್ಬೊಬ್ಬರದು ಒಂದೊಂದು ಹೊತ್ತಿಗೆ ಮುಗಿಯಿತು. ಬಿಷಪ್ಪರು ಕಿವಿಯ ಹಿಂದಿನ ಕೈ ಇಳಿಸಿ ತಲೆದೂಗಿದರು.

“ಹಾಂ. ಈಗ ಕೇಳಿಸ್ತು” ಎಂದು ಹೇಳಿ ಹೋಗಿ ಕುಳಿತರು.

ವಂದನಾರ್ಪಣೆಯಲ್ಲಿ ಅಧ್ಯಕ್ಷರು, ಸಿಬ್ಬಂದಿ ಮತ್ತು ಮಕ್ಕಳು ಕೂಡಿ ಹಾಡುವ ಈ ಹೊಸ ಪದ್ಧತಿ ತಮ್ಮ ಅವಧಿಯಲ್ಲಿ ಜಾರಿಗೆ ಬಂತು ಎಂದು ತಿಳಿಸಿದರು.

ಮಧ್ಯಾಹ್ನ ಆಯಮ್ಮ ದೊಡ್ಡ ಸಿಸ್ಟರ ಕೋಣೆಗೆ ಹೋಗಿ ನಿಂತರು. ದೊಡ್ಡ ಸಿಸ್ಟರ್ ಎಂದರೆ ಮುಖ್ಯೋಪಾಧ್ಯಾಯಿನಿ, ಮಾತು ಕಡಿಮೆ. ಆಯಮ್ಮ ಏಪ್ರನ್ ಬಿಚ್ಚಿ ಮಡಚಿ ಕೈಯಲ್ಲಿ ಹಿಡಿದುಕೊಂಡಿದ್ದರು.

“ತಪ್ಪಾಯ್ತು ಸಿಸ್ಟರ್. ನಡುವೆ ಬಾಯಿ ಹಾಕಿದೆ.”

“ಬಾಯಿ ನೀವು ಮೂವತ್ತೊಂದು ವರ್ಷದಿಂದ ಹಾಕ್ತಿದೀರಿ ಆಯಮ್ಮ. ಇವತ್ತು ಹಾಕಿದ್ದು ಬೇರೆ ಏನೋ. ಆ ಏಪ್ರನ್ ಹಾಕ್ಕೊಳಿ, ಒಂದನೇ ಕ್ಲಾಸಲ್ಲಿ ಯಾರೋ ಕೇಕು ಜಾಸ್ತಿ ತಿಂದು ಕೂತಿದಾರೆ.”

ಮೇಷ್ಟ್ರು ಎರಡು ದಿನ ಆಯಮ್ಮನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಅಭ್ಯಾಸಕ್ಕೆ ಎಲ್ಲರನ್ನೂ ನಿಲ್ಲಿಸಿ, ಕಡ್ಡಿಯನ್ನು ಮೊಣಕಾಲಿಗೆ ಬಡಿದು, ಬಹಳ ಹೊತ್ತು ಕೇಳಿಸಿಕೊಂಡು, ನಲ್ಲಿಗಳ ಕಡೆ ನಿಂತಿದ್ದ ಆಯಮ್ಮನಿಗೂ ಕೇಳಿಸುವಂತೆ ಹೇಳಿದರು: “ಹಿಂದಿನ ಸಾಲು, ಗಮನ ಇಟ್ಟು ಕೇಳಿ. ಇನ್ಮೇಲೆ ಕೊನೇ ಆಮೆನ್‌ಗೆ ನೀವೂ ಸ್ವರ ಹಾಕಬಹುದು. ಆಮೆನ್‌ಗೆ ಮಾತ್ರ.”

“ಕೊನೇಲಿ ಎರಡು ಆಮೆನ್ ಇದಾವೆ ಮೇಷ್ಟ್ರೇ” ಎಂದರು ಆಯಮ್ಮ.

ಮೇಷ್ಟ್ರು ಯೋಚಿಸಿದರು. “ಎರಡನೇದಕ್ಕೆ.”

ನಲ್ಲಿಯ ಪಕ್ಕದ ಪಾಠ ಈಗಲೂ ನಡೆಯುತ್ತದೆ. ಎರಡು ಬೆರಳು, ಕೋಟಿನ ಗುಂಡಿ, ಹುಬ್ಬು, ಭುಜ ಎಲ್ಲ ಹಾಗೆಯೇ ಇದೆ. ಗಂಟಲಿನ ಮೇಲೆ ಬೆರಳಿಡುವುದನ್ನು ಮಾತ್ರ ಆಯಮ್ಮ ಬಿಟ್ಟಿದ್ದಾರೆ. ಬಡಗಿಯ ಮನೆಯಲ್ಲಿ ರೇಡಿಯೋ ಸರಿಹೋಗಿದೆ. ಆದರೆ ಒಂದೇ ಸ್ಟೇಷನ್ ಹಿಡಿಯುತ್ತದೆ, ಬೆಳಗ್ಗೆ ಹಲ್ಲುಜ್ಜುವಾಗಿನಿಂದ ಬರೀ ಆಮೆನ್ನೇ ಕೇಳಬೇಕು ಎಂದು ಅವನ ದೂರು. ಪಾತ್ರೆ ತೊಳೆಯುವ ಕಡೆಯಿಂದ ಇನ್ನೊಂದು ಸ್ಟೇಷನ್ನೂ ಆಗಾಗ ನಡುವೆ ಬರುತ್ತದಂತೆ. ಅದರ ಬಗ್ಗೆ ಮಾತ್ರ ಅವನು ದೂರುವುದಿಲ್ಲ. ಉಪ್ಪುಕಾಗದ ಕೆಳಗಿಡುತ್ತಾನೆ.

ಸೋಮವಾರ ಬೆಳಗಿನ ಪ್ರಾರ್ಥನೆಗೆ ನಾವು ಗೇಟಿನ ಹೊರಗೆ ನಿಂತು ಕೇಳುತ್ತೇವೆ. ಹಾಡೆಲ್ಲ ಮುಂದಿನ ಸಾಲಿನದು, ಅಚ್ಚುಕಟ್ಟು. ಮೊದಲ ಆಮೆನ್ ಕೂಡ ಅಚ್ಚುಕಟ್ಟು. ಆಮೇಲೆ ಎರಡನೆಯದು ಬರುತ್ತದೆ, ವಾರವಿಡೀ ಕೂಡಿಟ್ಟುಕೊಂಡದ್ದೆಲ್ಲ ಒಟ್ಟಿಗೆ. ಚರ್ಚಿನ ಸೂರಿನ ಪಾರಿವಾಳಗಳು ಎದ್ದು ಒಂದು ಸುತ್ತು ಹಾಕಿ ಬಂದು ಕೂರುವವರೆಗೂ ಅದು ಮುಗಿಯುವುದಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಹಿಂದಿನ ಸಾಲಿಗೆ ಯಾರೂ ಕಲಿಸಿಲ್ಲವಲ್ಲ. ಮೇಷ್ಟ್ರು ಕೈಗಳನ್ನು ಆರ್ಗನ್ನಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಾರೆ. ಕಾಲು ಮಾತ್ರ ತುಳಿಯುತ್ತಲೇ ಇರುತ್ತದೆ.